ಎದ್ದು ಊಟ ಮಾಡು, ಗೆಳೆಯಾ

ಧಾರವಾಡ
ಮಂಗಳವಾರ ರಾತ್ರಿ

ಪ್ರೀತಿಯ ಗೆಳೆಯಾ,

ನಿನ್ನ ಮೆಸೇಜು ನಾಲ್ಕು ಸಲ ಓದಿದೆ. ಬೆಳಗಿನ ಜಾವ ಮೂರು ಗಂಟೆಗೆ ಕಳಿಸಿದ್ದೀಯ. ಆ ಹೊತ್ತು ನನಗೂ ಚೆನ್ನಾಗಿ ಗೊತ್ತು. ಮನೆಯವರೆಲ್ಲ ಮಲಗಿರುತ್ತಾರೆ, ಫ್ಯಾನಿನ ಸದ್ದು ಒಂದು ಕಡೆ, ನಮ್ಮದೇ ಎದೆ ಬಡಿತ ಇನ್ನೊಂದು ಕಡೆ.

ನಿನ್ನ ಅಣ್ಣ ಹೋಗಿ ಐದು ತಿಂಗಳಾಯಿತು, ಇನ್ನೂ ಅಳು ನಿಂತಿಲ್ಲ ಅಂದೆ. ಕೆಲಸದ ಚಿಂತೆಗೆ ಕೈ ನಡುಗುತ್ತೆ ಅಂದೆ. ಪ್ರಾರ್ಥನೆಗೆ ಕೂತರೆ ಅದೇ ಎರಡು ಮಾತು ಬಿಟ್ಟು ಬೇರೇನೂ ಬಾಯಿಗೆ ಬರುವುದಿಲ್ಲ ಅಂದೆ. ಅದರ ಮೇಲೆ ಪ್ರಾರ್ಥನಾಕೂಟದಲ್ಲಿ ಯಾರೋ ಹಿರಿಯರು 'ವಿಶ್ವಾಸ ಇದ್ದವರು ಹೀಗೆ ಕುಗ್ಗುವುದಿಲ್ಲ' ಅಂದರಂತೆ. ಅದನ್ನು ಓದಿ ನನಗೆ ಸಿಟ್ಟು ಬಂತು. ಆ ಹಿರಿಯರ ಮೇಲಲ್ಲ, ಆ ಮಾತಿನ ಮೇಲೆ. ನಮ್ಮ ಸಭೆಗಳಲ್ಲಿ ಎಷ್ಟೋ ಜನ ಆ ಮಾತಿಗೆ ಹೆದರಿ ನಗುಮುಖ ಹಾಕಿಕೊಂಡು ಬರುತ್ತಾರೆ, ಹಾಡುತ್ತಾರೆ, ಮನೆಗೆ ಹೋಗಿ ಅಳುತ್ತಾರೆ. ನಾನೂ ಹಾಗೇ ಮಾಡಿದವನು.

ನಿನಗೆ ಈವರೆಗೆ ಹೇಳಿರಲಿಲ್ಲ. ಅಪ್ಪ ತೀರಿಕೊಂಡ ವರ್ಷ ಒಂದು ರಾತ್ರಿ ನನ್ನ ಎದೆ ಹಿಡಿದುಕೊಂಡಿತು. ಮೈಯೆಲ್ಲ ಬೆವರು, ಕೈ ಜೋಮು. ಹಾರ್ಟ್ ಅಟ್ಯಾಕ್ ಅಂದುಕೊಂಡೇ ಆಟೋ ಹತ್ತಿದೆ. ಇಸಿಜಿ ಸರಿಯಿತ್ತು. ಡಾಕ್ಟರು ಎದುರಿಗೆ ಕೂರಿಸಿಕೊಂಡು ನಿದ್ದೆ ಎಷ್ಟು, ಊಟ ಎಷ್ಟು, ಮನೆಯಲ್ಲಿ ಏನಾಯಿತು ಅಂತ ಕೇಳಿದರು. ಇದು ಆತಂಕ ಅಂದರು, ಮನೋವೈದ್ಯರಿಗೆ ಚೀಟಿ ಬರೆದುಕೊಟ್ಟರು. ಗುಳಿಗೆ ಶುರುವಾಯಿತು.

ಆ ಗುಳಿಗೆ ಪಟ್ಟಿಯನ್ನು ಎಲ್ಲಿಡುತ್ತಿದ್ದೆ ಗೊತ್ತಾ? ಸತ್ಯವೇದದ, ಅಂದರೆ ನನ್ನ ಬೈಬಲಿನ, ಜಿಪ್ ಕವರಿನ ಒಳಜೇಬಿನಲ್ಲಿ. ಯಾರೂ ನೋಡಬಾರದಲ್ಲ. ಸಂಡೇ ಸ್ಕೂಲಿನ ಮಕ್ಕಳಿಗೆ 'ಹೆದರಬೇಡ' ಅನ್ನುವ ವಚನ ಕಲಿಸಲು ಪುಟ ತಿರುಗಿಸುವಾಗ ಆ ಪಟ್ಟಿ ಚರಚರ ಅನ್ನುತ್ತಿತ್ತು. ಪ್ರತಿ ಸಲ ನಾಚಿಕೆಯಾಗುತ್ತಿತ್ತು. ಒಂದಿನ ಅವ್ವ ತನ್ನ ಕನ್ನಡಕ ಹುಡುಕುತ್ತಾ ಆ ಕವರು ತೆಗೆದಳು. ಪಟ್ಟಿ ನೋಡಿದಳು, ನನ್ನ ಮುಖ ನೋಡಿದಳು, ಏನೂ ಕೇಳಲಿಲ್ಲ. ಒಲೆ ಮುಂದೆ ಕೂತು ರೊಟ್ಟಿ ಬಡಿದಳು. ಹೆಂಚಿನಿಂದ ತೆಗೆದು ಕೆಂಡಕ್ಕೆ ಒರಗಿಸಿ ನಿಲ್ಲಿಸಿದಳು. ಉಬ್ಬಿದ ರೊಟ್ಟಿಗೆ ಬೆಣ್ಣೆ ಸವರಿ ಮುಂದಿಟ್ಟು, "ಉಂಡು ಗುಳಿಗಿ ತಗೋ. ಖಾಲಿ ಹೊಟ್ಟಿಗೆ ಬ್ಯಾಡ" ಅಂದಳು. ಅಷ್ಟೇ.

ಪ್ರವಾದಿ ಎಲೀಯನ ಕಥೆ ನನಗೆ ಅವತ್ತು ಅರ್ಥವಾಯಿತು. ಒಂದನೇ ಅರಸುಗಳು 19ನೇ ಅಧ್ಯಾಯ ತೆಗೆದು ನೋಡು. ಅದಕ್ಕೆ ಮುಂಚಿನ ಅಧ್ಯಾಯದಲ್ಲೇ ಅವನ ಪ್ರಾರ್ಥನೆಗೆ ಕರ್ಮೆಲ್ ಬೆಟ್ಟದ ಮೇಲೆ ಆಕಾಶದಿಂದ ಬೆಂಕಿ ಇಳಿದಿತ್ತು. ಅಂಥ ವಿಶ್ವಾಸದ ಮನುಷ್ಯ ರಾಣಿ ಈಜೆಬೆಲಳ ಬೆದರಿಕೆಗೆ ಹೆದರಿ ಓಡಿದ. ಮರಳುಗಾಡಿನಲ್ಲಿ ಒಂದು ಗಿಡದ ಕೆಳಗೆ ಕೂತು, ಸಾಕಾಯಿತು, ನನ್ನ ಪ್ರಾಣ ತೆಗೆದುಬಿಡು ಅಂತ ದೇವರನ್ನೇ ಕೇಳಿದ. ಹಾಗೇ ಮಲಗಿಬಿಟ್ಟ. ದೇವರು ಬೈದನಾ? ಇಲ್ಲ. ದೂತನನ್ನು ಕಳಿಸಿದ. ದೂತ ಮೈ ತಟ್ಟಿ ಎಬ್ಬಿಸಿ, ಎದ್ದು ಊಟ ಮಾಡು ಅಂದ. ತಲೆಯ ಹತ್ತಿರ ನೋಡಿದರೆ ಕೆಂಡದ ಮೇಲೆ ಸುಟ್ಟ ರೊಟ್ಟಿ, ನೀರು. ತಿಂದು, ಕುಡಿದು, ಮತ್ತೆ ಮಲಗಿದ. ಮತ್ತೆ ಮಲಗಿದ್ದಕ್ಕೂ ದೂತ ಬೇಸರ ಮಾಡಿಕೊಳ್ಳಲಿಲ್ಲ. ಎರಡನೇ ಸಲವೂ ತಟ್ಟಿ ಎಬ್ಬಿಸಿ ಉಣ್ಣು ಅಂದ, ಮುಂದಿನ ದಾರಿ ನಿನ್ನ ಶಕ್ತಿಗೆ ಮೀರಿದ್ದು ಅಂದ. ದೇವರು ಅವನ ಜೊತೆ ಮಾತಿಗಿಳಿದದ್ದು ಆಮೇಲೆ, 40 ದಿನ ನಡೆದು ಹೋರೇಬ್ ಬೆಟ್ಟ ಮುಟ್ಟಿದ ಮೇಲೆ. ಮೊದಲು ರೊಟ್ಟಿ, ನೀರು, ನಿದ್ದೆ.

ಅದೇ ಮಾತು ಮತ್ತೆ ಮತ್ತೆ ಬರುತ್ತೆ ಅಂತ ಬೇಜಾರು ಮಾಡಿಕೊಂಡಿದ್ದೀಯಲ್ಲ. ಶಿಲುಬೆಗೆ ಹೋಗುವ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಯೇಸುಸ್ವಾಮಿ ಪ್ರಾರ್ಥಿಸಿದ್ದೂ ಹಾಗೇ. ಮೂರನೇ ಸಲವೂ ಅದೇ ಮಾತನ್ನೇ ಹೇಳಿದನು ಅಂತ ಮತ್ತಾಯ ಬರೆದಿದ್ದಾನೆ. ಪ್ರಾಣ ಹೋಗುವಷ್ಟು ದುಃಖವಾಗಿದೆ ಅಂತ ಶಿಷ್ಯರ ಹತ್ತಿರ ಬಾಯಿಬಿಟ್ಟು ಹೇಳಿದ್ದೂ ಆತನೇ. ನನ್ನ ಸಂಗಡ ಎಚ್ಚರವಾಗಿರಿ ಅಂದ. ಅವರು ನಿದ್ದೆಹೋದರು. ಒಬ್ಬನೇ ಕೂತ ಆ ರಾತ್ರಿ ಆತನಿಗೆ ಗೊತ್ತು, ಗೆಳೆಯಾ. ಮೂರು ಗಂಟೆಯ ನಿನ್ನ ಕೋಣೆ ಆತನಿಗೆ ಹೊಸದಲ್ಲ.

88ನೇ ಕೀರ್ತನೆಯನ್ನೂ ಓದು. ಬೇರೆ ಅಳುವ ಕೀರ್ತನೆಗಳಲ್ಲಿ ಹೆಚ್ಚಿನವು ಕೊನೆಗೆ ಹೇಗೋ ಸ್ತುತಿಗೆ ತಿರುಗುತ್ತವೆ. ಇದು ತಿರುಗುವುದಿಲ್ಲ, ಕತ್ತಲೆಯಲ್ಲೇ ಮುಗಿಯುತ್ತೆ. ಇಬ್ರಿಯ ಮೂಲದಲ್ಲಿ ಕೊನೆಯ ಪದವೇ ಕತ್ತಲೆ. ಆದರೂ ಅದನ್ನು ಬರೆದವನು ಮಾತಾಡುತ್ತಿರುವುದು ದೇವರ ಜೊತೆಗೇ, ಹಗಲೂ ರಾತ್ರಿಯೂ. ಸತ್ಯವೇದ ಅದನ್ನು ಬಿಟ್ಟುಬಿಡದೆ ಇಟ್ಟುಕೊಂಡಿದೆ. ನಿನ್ನ ಎರಡು ಮಾತಿನ ಪ್ರಾರ್ಥನೆಗೂ ಅಲ್ಲಿ ಜಾಗ ಇದೆ.

ಲಂಡನ್ನಿನ ಪ್ರಸಂಗಿ ಸ್ಪರ್ಜನ್ ಹೆಸರು ನಿನಗೆ ಗೊತ್ತಲ್ಲ. 1856ರ ಅಕ್ಟೋಬರ್ 19ರಂದು ಅವರು ಪ್ರಸಂಗ ಮಾಡುತ್ತಿದ್ದ ಸಭಾಂಗಣದಲ್ಲಿ ಯಾರೋ 'ಬೆಂಕಿ' ಅಂತ ಸುಳ್ಳೇ ಕೂಗಿದರು. ನೂಕುನುಗ್ಗಲಿನಲ್ಲಿ 7 ಜನ ಸತ್ತರು. ಸ್ಪರ್ಜನ್‌ಗೆ ಆಗ ಬರೀ 22 ವರ್ಷ. ಆ ಪೆಟ್ಟು ಅವರನ್ನು ಜೀವನಪೂರ್ತಿ ಬಿಡಲಿಲ್ಲ. ಮನಸ್ಸು ಕುಗ್ಗುವ ಆ ಕಾಯಿಲೆಯನ್ನು ಅವರು ಮುಚ್ಚಿಡಲೂ ಇಲ್ಲ, ಪ್ರಸಂಗಪೀಠದಿಂದಲೇ ಹೇಳಿಕೊಂಡರು. ಅವರಿಗೆ ವಿಶ್ವಾಸ ಕಡಿಮೆ ಇತ್ತು ಅನ್ನಲು ಯಾರಿಗೆ ಬಾಯಿ ಬರುತ್ತೆ?

ಇನ್ನೊಂದು ವಚನ. ಇದನ್ನು ನಾನು ದಿನಾ ಹಿಡಿದುಕೊಂಡೇ ಇದ್ದೀನಿ. ಪೇತ್ರನು ಬರೆದ ಮೊದಲನೆಯ ಪತ್ರ, 5ನೇ ಅಧ್ಯಾಯ, 7ನೇ ವಚನ. ನಿಮ್ಮ ಚಿಂತೆಯನ್ನೆಲ್ಲಾ ಆತನ ಮೇಲೆ ಹಾಕಿರಿ, ಆತನು ನಿಮಗೋಸ್ಕರ ಚಿಂತಿಸುತ್ತಾನೆ. ನಮ್ಮ ಕನ್ನಡದಲ್ಲಿ ಎರಡೂ ಕಡೆ ಒಂದೇ ಪದ ನೋಡು. ನನ್ನ ಚಿಂತೆ ಅಲ್ಲಿಗೆ ಹೋಗಿ ಆತನ ಚಿಂತೆ ಆಗುತ್ತೆ. 'ಹಾಕಿರಿ' ಅನ್ನುವುದಕ್ಕೆ ಇರುವ ಗ್ರೀಕ್ ಪದ ಹೊಸ ಒಡಂಬಡಿಕೆಯಲ್ಲಿ ಇನ್ನೊಂದೇ ಕಡೆ ಬರುತ್ತೆ. ಯೇಸುಸ್ವಾಮಿ ಯೆರೂಸಲೇಮಿಗೆ ಹೋಗುವಾಗ ಶಿಷ್ಯರು ಕತ್ತೆಮರಿಯ ಮೇಲೆ ತಮ್ಮ ಬಟ್ಟೆ ಹಾಕಿದರಲ್ಲ, ಅಲ್ಲಿ. ಗರಿಗಳ ಭಾನುವಾರ ನಾವು ಓದುವ ಭಾಗ. ಹೆಗಲ ಮೇಲಿನದನ್ನು ತೆಗೆದು, ಹೊರುವ ಬೆನ್ನಿನ ಮೇಲೆ ಹಾಕುವುದು. ನಿಜ ಹೇಳಬೇಕಂದರೆ ರಾತ್ರಿ ಹಾಕಿದ್ದನ್ನು ಬೆಳಗ್ಗೆ ನಾನೇ ಮತ್ತೆ ಎತ್ತಿಕೊಂಡಿರುತ್ತೀನಿ. ಮತ್ತೆ ಹಾಕುತ್ತೀನಿ. ಹೀಗೆ ಎಷ್ಟು ಸಲ ಹೋದರೂ ಆತ ಸಾಕು ಅಂದಿಲ್ಲ.

ಡಾಕ್ಟರ ಹತ್ತಿರ ಹೋಗು. ಅದು ದೇವರನ್ನು ಬಿಟ್ಟ ಹಾಗಲ್ಲ. ನನ್ನ ಗುಳಿಗೆ ಎರಡು ವರ್ಷ ನಡೆಯಿತು, ಡಾಕ್ಟರು ಹೇಳಿದ ಮೇಲೆಯೇ ನಿಧಾನಕ್ಕೆ ನಿಲ್ಲಿಸಿದೆ. ಎಲೀಯನ ಹಾಗೆ 'ಸಾಕಾಯಿತು' ಅನ್ನುವ ಯೋಚನೆ ನಿನಗೂ ಬರುತ್ತಿದೆಯಾ? ಬಂದರೆ ಹೊತ್ತು ನೋಡಬೇಡ, ನನಗೆ ಫೋನ್ ಮಾಡು. ನನ್ನ ಫೋನ್ ಸಿಗದಿದ್ದರೆ 14416ಕ್ಕೆ ಮಾಡು. ಅದು ಮನಸ್ಸಿನ ಕಷ್ಟ ಹೇಳಿಕೊಳ್ಳಲು ಇರುವ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್, ದುಡ್ಡು ಬೇಡ, ರಾತ್ರಿಯೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು.

ಈ ಪತ್ರವನ್ನು ಇನ್ನೂ ನಾಲ್ಕು ಜನ ಓದಲಿ ಅಂದೆಯಲ್ಲ, ಅದಕ್ಕೇ ನಿನ್ನ ಹೆಸರು ಬರೆದಿಲ್ಲ.

ಶುಕ್ರವಾರ ರಾತ್ರಿ ರೈಲಿಗೆ ಟಿಕೆಟ್ ಮಾಡಿಸಿದ್ದೀನಿ. ಮನೆ ಒಪ್ಪ ಮಾಡಲು ಹೋಗಬೇಡ. ಹಾಡಲು ಆಗದಿದ್ದರೆ ಹಾಡಬೇಡ, ನಾನು ಕೀರ್ತನೆ ಓದುತ್ತೀನಿ, ನೀನು ಸುಮ್ನೆ ಕೂತಿರು. ಅಳು ಬಂದರೆ ಅಳೋಣ, ನಿನ್ನ ಅಣ್ಣ ನನಗೂ ಅಣ್ಣನೇ ಅಲ್ವಾ. ಅವ್ವ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟುತ್ತಿದ್ದಾಳೆ. ನೀನು ಮೊಸರು ತಂದಿಟ್ಟಿರು.

ನಿನ್ನ
ಗೆಳೆಯ