ಉಸಿರು ಎಣಿಸಲು ಬಿಟ್ಟವರಿಗೆ

ಕಳೆದ ವಾರ ನನ್ನ ಪಿಎಚ್.ಡಿ. ಮೌಖಿಕ ಪರೀಕ್ಷೆ ಮುಗಿಯಿತು. ಬಟ್ಟೆಯ ಪಟ್ಟಿಯಲ್ಲಿ ಎದೆಗೆ ಕಟ್ಟಿಕೊಂಡರೆ ಉಸಿರಾಟವನ್ನು ಎಣಿಸಿ, ತಂತಿಯ ಹಂಗಿಲ್ಲದೆ ಫೋನಿಗೆ ಕಳುಹಿಸುವ ಪುಟ್ಟ ಸಂವೇದಕವೊಂದರ ಹಿಂದೆ ಆರು ವರ್ಷ ಕಳೆದಿದ್ದೇನೆ. ಪ್ರಬಂಧದ ಮೊದಲ ಪುಟಗಳಲ್ಲಿ ಮಾರ್ಗದರ್ಶಕರಿಗೆ, ವಿಭಾಗಕ್ಕೆ, ಶಿಷ್ಯವೇತನ ಕೊಟ್ಟವರಿಗೆ ಕ್ರಮಪ್ರಕಾರ ವಂದಿಸಿದ್ದಾಗಿದೆ. ಆದರೆ ಆ ಪುಟಗಳು ಇಂಗ್ಲಿಷಿನಲ್ಲಿವೆ, ಮತ್ತು ನನ್ನ ಪಟ್ಟಿಯನ್ನು ಕಟ್ಟಿಕೊಂಡು ಕೂತವರಲ್ಲಿ, ಮಲಗಿದವರಲ್ಲಿ ಹೆಚ್ಚಿನವರು ಅವನ್ನು ಓದುವವರಲ್ಲ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಾಡಿಗೆ, ರಕ್ತದೊತ್ತಡಕ್ಕೆ, ಜ್ವರಕ್ಕೆ ಯಂತ್ರಗಳಿದ್ದರೂ ಉಸಿರನ್ನು ಮಾತ್ರ ಇಂದಿಗೂ ಎಷ್ಟೋ ವಾರ್ಡುಗಳಲ್ಲಿ ಕಣ್ಣಿನಲ್ಲೇ ಎಣಿಸುತ್ತಾರೆ. ವಯಸ್ಕರಿಗೆ ವಿಶ್ರಾಂತಿಯಲ್ಲಿ ನಿಮಿಷಕ್ಕೆ 12ರಿಂದ 20 ಉಸಿರು ಸಹಜ. 25 ಮುಟ್ಟಿತೆಂದರೆ ವೈದ್ಯರು ಎಚ್ಚರಗೊಳ್ಳಬೇಕು. ಪುರುಸೊತ್ತಿಲ್ಲದ ಕಡೆ 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವ ರೂಢಿಯಿದೆ. ಅಲ್ಲಿ ಒಂದು ಉಸಿರು ತಪ್ಪಿದರೆ ಲೆಕ್ಕದಲ್ಲಿ ನಾಲ್ಕು ತಪ್ಪುತ್ತವೆ. ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಹೃದಯದ ಬಡಿತ ನಮ್ಮ ಮಾತು ಕೇಳುವುದಿಲ್ಲ, ಉಸಿರು ಕೇಳುತ್ತದೆ. "ಸಹಜವಾಗಿ ಉಸಿರಾಡಿ" ಎಂದು ಹೇಳಿದ ಗಳಿಗೆಯಿಂದಲೇ ಎದುರಿನವರ ಉಸಿರು ಸಹಜವಾಗಿರುವುದಿಲ್ಲ. ಆದ್ದರಿಂದ ನನಗೆ ಬೇಕಾಗಿದ್ದವರು ಪಟ್ಟಿ ಕಟ್ಟಿಕೊಂಡು ಅದನ್ನು ಮರೆತುಬಿಡುವವರು.

ಮೊದಲು ಮರೆತವರು ಧಾರವಾಡದ ನಮ್ಮ ಅಜ್ಜಿ. ಹತ್ತು ನಿಮಿಷ ಸುಮ್ಮನೆ ಕೂರಬೇಕೆಂದು ಕೇಳಿಕೊಂಡಿದ್ದೆ, ಅವರು ಐದನೆಯ ನಿಮಿಷಕ್ಕೆ ಎದ್ದು ಹೋಗಿ ಒಲೆಯ ಮುಂದೆ ರೊಟ್ಟಿ ಬಡಿಯತೊಡಗಿದರು. ಫೋನಿನ ಪರದೆಯ ಮೇಲೆ ಉಸಿರಿನ ಅಲೆ ಕಾಣೆಯಾಗಿ ಅಂಗೈಯ ಏಟುಗಳಷ್ಟೇ ಸಾಲಾಗಿ ಮೂಡಿದವು, ನನ್ನ ಲೆಕ್ಕದ ಪ್ರಕಾರ ಅಜ್ಜಿ ನಿಮಿಷಕ್ಕೆ ನೂರಕ್ಕೂ ಹೆಚ್ಚು ಸಲ ಉಸಿರಾಡುತ್ತಿದ್ದರು! ಕೆಲಸದ ಅಲುಗಾಟದ ಅಡಿಯಿಂದ ಉಸಿರನ್ನು ಹೆಕ್ಕಿ ತೆಗೆಯುವ ಪ್ರಬಂಧದ ಮೂರನೆಯ ಅಧ್ಯಾಯ ಹುಟ್ಟಿದ್ದು ಆ ರೊಟ್ಟಿಗಳಿಂದ. ಅವರದೇ ದಾಖಲೆಯಲ್ಲಿ ಐದಾರು ನಿಮಿಷಕ್ಕೊಮ್ಮೆ ಒಂದು ಅಲೆ ಉಳಿದವುಗಳ ಎರಡರಷ್ಟು ಎತ್ತರಕ್ಕೆ ಏಳುತ್ತಿತ್ತು. ಪಟ್ಟಿ ಜಾರುತ್ತಿದೆಯೆಂದು ತಿಳಿದು, ಅಂಥ ಅಲೆಗಳನ್ನು ತಾನಾಗಿ ತೆಗೆದುಹಾಕುವ ನಾಲ್ಕು ಸಾಲು ಪ್ರೋಗ್ರಾಮು ಬರೆದಿದ್ದೆ. ಅದನ್ನು ನೋಡಿದ ಮಾರ್ಗದರ್ಶಕರು ನಕ್ಕು, ಅವು ನಿಟ್ಟುಸಿರುಗಳೆಂದು ಹೇಳಿದರು. ಶ್ವಾಸಕೋಶದ ಒಳಗಿನ ಸಣ್ಣ ಗಾಳಿಗೂಡುಗಳು ಮೆಲ್ಲಗೆ ಮುದುಡುತ್ತಾ ಹೋಗುತ್ತವೆ. ಅವನ್ನು ಮತ್ತೆ ಅರಳಿಸಲು ನಾವೆಲ್ಲರೂ ಅರಿವಿಲ್ಲದೆಯೇ ಗಂಟೆಗೆ ಹನ್ನೆರಡರಷ್ಟು ಸಲ ದೀರ್ಘವಾಗಿ ಉಸಿರೆಳೆಯುತ್ತೇವೆ. ಮೂರು ತಿಂಗಳ ಕಾಲ ನಾನು ಅಜ್ಜಿಯ ನಿಟ್ಟುಸಿರುಗಳನ್ನು ದೋಷವೆಂದು ಅಳಿಸುತ್ತಿದ್ದೆ. ಅವರಿಗೆ ಇದನ್ನು ವಿವರಿಸಿದಾಗ "ಬಿಡವಾ, ಮನಿಯಾಗ ಯಾರೂ ಎಣಿಸಿಲ್ಲ ಅವನ್ನ" ಎಂದಷ್ಟೇ ಹೇಳಿದರು.

ಬೆಂಗಳೂರಿನಲ್ಲಿ ಹಾಸ್ಟೆಲಿನ ಹಿಂದಿನ ಗಲ್ಲಿಯ ದರ್ಜಿಯವರಿಗೆ ನನ್ನ ಎರಡನೆಯ ವಂದನೆ. ಎಲೆಕ್ಟ್ರಾನಿಕ್ ಸಾಮಾನುಗಳ ಎಸ್.ಪಿ. ರಸ್ತೆಯಲ್ಲಿ ಚಿಪ್, ಬ್ಯಾಟರಿಗಳೆಲ್ಲ ಸಿಕ್ಕಿದವು, ಆದರೆ ಸುತ್ತಲೂ ಎಲಾಸ್ಟಿಕ್ ಇದ್ದ ನನ್ನ ಪಟ್ಟಿ ಎರಡು ವಾರಕ್ಕೇ ಸಡಿಲಗೊಂಡು, ಒಬ್ಬರದೇ ಉಸಿರು ದಿನದಿಂದ ದಿನಕ್ಕೆ ಕ್ಷೀಣಿಸುವಂತೆ ತೋರಿಸತೊಡಗಿತ್ತು. ಎಲಾಸ್ಟಿಕ್ ಮುಂದೆ ನಾಲ್ಕು ಬೆರಳಿನಷ್ಟು ಸಾಕು, ಉಳಿದದ್ದು ಹಿಗ್ಗದ ಹತ್ತಿಯ ಪಟ್ಟಿಯಾಗಿರಲಿ, ಸವೆದ ತುಂಡನ್ನು ಮಾತ್ರ ಬಿಚ್ಚಿ ಬದಲಿಸಬಹುದು ಎಂದು ಅವರು ಹೇಳಿದ್ದು, ನಾನು ಓದಿದ ಯಾವ ಲೇಖನದಲ್ಲೂ ಇರಲಿಲ್ಲ.

ಆಸ್ಪತ್ರೆಯ ರಾತ್ರಿಗಳ ಬಗ್ಗೆ ಹೆಚ್ಚು ಹೇಳಬೇಕು. ಒಂದು ರಾತ್ರಿ ಎರಡೂವರೆಗೆ ಫೋನು "ಉಸಿರಿಲ್ಲ" ಎಂದು ಕಿರುಚಿ, ಸಿಸ್ಟರ್ ಮತ್ತು ನಾನು ಇಬ್ಬರೂ ಓಡಿದೆವು. ಪಟ್ಟಿ ಕಟ್ಟಿಕೊಂಡು ಮಲಗಿದ್ದ ಹಿರಿಯರೊಬ್ಬರು ಮಗ್ಗುಲು ಬದಲಿಸಿ ಗೊರಕೆ ಹೊಡೆಯುತ್ತಿದ್ದರು. ಬ್ಲೂಟೂತ್ ಬಳಸುವ 2.4 ಗಿಗಾಹರ್ಟ್ಸ್ ಅಲೆಗಳನ್ನು ಮೈಯೊಳಗಿನ ನೀರು ಹೀರಿಕೊಳ್ಳುತ್ತದೆ, ಸಂವೇದಕ ಅವರ ಮೈಯಡಿ ಸಿಕ್ಕಿಕೊಂಡು ಸಂಪರ್ಕ ಕಡಿದಿತ್ತು. "ಸುದ್ದಿ ಬರುತ್ತಿಲ್ಲ" ಎನ್ನುವುದಕ್ಕೂ "ಉಸಿರಿಲ್ಲ" ಎನ್ನುವುದಕ್ಕೂ ವ್ಯತ್ಯಾಸ ತಿಳಿಯದ ಯಂತ್ರವನ್ನು ವಾರ್ಡಿಗೆ ತಂದದ್ದು ನನ್ನ ತಪ್ಪು. ಆಮೇಲೆ ಪಟ್ಟಿಯಲ್ಲೇ ಒಂದು ಮೆಮೊರಿ ಚಿಪ್ ಕೂರಿಸಿ, ಕಡಿದ ಹೊತ್ತಿನ ದಾಖಲೆ ಅಲ್ಲಿ ಉಳಿದು ಸಂಪರ್ಕ ಮರಳಿದಾಗ ಹೋಗುವಂತೆ ಮಾಡಿದೆ. ನಿದ್ದೆಗೆಡಿಸಿದ್ದಕ್ಕೆ ಚೆನ್ನಾಗಿಯೇ ಬೈದ ಆ ಹಿರಿಯರು ಮರುರಾತ್ರಿ ತಾವಾಗಿ ಅಂಗಿಯ ಗುಂಡಿ ಬಿಚ್ಚಿದರು. ನನ್ನ ಯಂತ್ರದ ಲೆಕ್ಕವನ್ನು ಪರೀಕ್ಷಿಸಲು ಕೈಗಡಿಯಾರ ಹಿಡಿದು, ಗುಣಾಕಾರದ ದಾರಿ ಹಿಡಿಯದೆ ಪ್ರತಿ ಸಲವೂ ಪೂರ್ತಿ ಒಂದು ನಿಮಿಷ ಎಣಿಸಿ ಬರೆದಿಟ್ಟವರು ಅದೇ ಸಿಸ್ಟರ್. ಪ್ರಬಂಧದಲ್ಲಿ 'ಪ್ರಮಾಣಿತ ಅಳತೆ' ಎಂದು ಎಲ್ಲೆಲ್ಲಿ ಬರೆದಿದೆಯೋ ಅಲ್ಲೆಲ್ಲ ಅವರ ಕಣ್ಣಿದೆ.

ಆ ಹಿರಿಯರ ಹೆಂಡತಿಗೂ ನಾನು ಋಣಿ. ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದ ಅವರು, "ಇವರ ಗೊರಕೆ ನಡುನಡುವೆ ನಿಂತುಹೋಗುತ್ತದಮ್ಮ, ಆಗ ಹೊಟ್ಟೆ ಮಾತ್ರ ಎಗರುತ್ತಿರುತ್ತದೆ" ಎಂದು ಹೇಳಿದ್ದರು. ಗಂಟಲ ದಾರಿ ಮುಚ್ಚಿಕೊಂಡಾಗ ಗಾಳಿ ಒಳಗೆ ಹೋಗದಿದ್ದರೂ ಎದೆ, ಹೊಟ್ಟೆ ಎರಡೂ ಹೆಣಗುತ್ತವೆ, ಒಂದು ಉಬ್ಬಿದರೆ ಇನ್ನೊಂದು ತಗ್ಗುತ್ತದೆ. ಎದೆಗೊಂದೇ ಪಟ್ಟಿ ಕಟ್ಟಿದರೆ ಯಂತ್ರ ಈ ಹೆಣಗಾಟವನ್ನೂ ಉಸಿರೆಂದೇ ಎಣಿಸುತ್ತದೆ. ಎದೆಯ ಮತ್ತು ಹೊಟ್ಟೆಯ ಚಲನೆಗಳನ್ನು ಬೇರೆಬೇರೆಯಾಗಿ ಅಳೆಯುವ ವಿಧಾನವನ್ನು ಕೊನ್ನೊ ಮತ್ತು ಮೀಡ್ ಎಂಬ ಸಂಶೋಧಕರು 1967ರಲ್ಲೇ ಪ್ರಕಟಿಸಿದ್ದರು, ನಾನು ಅದನ್ನು ಓದಿಯೂ ಇದ್ದೆ. ಎರಡನೆಯ ಪಟ್ಟಿ ಹೊಲಿಸಲು ಹೊರಟದ್ದು ಮಾತ್ರ ಈ ತಾಯಿಯ ಮಾತು ಕೇಳಿದ ಮರುದಿನ.

ಹಾಸ್ಟೆಲಿನ ಮೆಟ್ಟಿಲು ಹತ್ತಿ ಇಳಿದ ಗೆಳತಿಯರಿಗೆ, ಬಿಕ್ಕಳಿಕೆ ಬಂದಾಗಲೆಲ್ಲ ಓಡಿಬಂದು ಪಟ್ಟಿ ಕಟ್ಟಿಸಿಕೊಂಡ ಕೋಣೆಯ ಜೊತೆಗಾರ್ತಿಗೆ, ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಯೂ ಎರಡನೆಯ ದಿನ ಬೇಡವೆಂದು ಬಿಚ್ಚಿಕೊಟ್ಟವರಿಗೆ ಕೂಡ ನನ್ನ ವಂದನೆಗಳು. ಹಾಗೆ ಬಿಚ್ಚಿಕೊಟ್ಟವರಿಂದಲೇ ಅಂಚಿನ ಹೊಲಿಗೆ ಚುಚ್ಚುತ್ತದೆಂದು ನನಗೆ ಗೊತ್ತಾದದ್ದು.

ಅಜ್ಜಿಯ ಪಟ್ಟಿಯನ್ನು ಮುಂದಿನ ತಿಂಗಳು ಊರಿಗೆ ಹೋದಾಗ ಅವರಿಗೇ ಕೊಡುತ್ತೇನೆ, ಸಂವೇದಕವನ್ನು ತೆಗೆದು. ಬಿಸಿನೀರಿನ ಚೀಲ ಸೊಂಟಕ್ಕೆ ಕಟ್ಟಿಕೊಳ್ಳಲು ಬೇಕೆಂದು ಕೇಳಿದ್ದಾರೆ. ದರ್ಜಿಯವರಿಗೆ ಎರಡು ಪಟ್ಟಿಗಳ ಹೊಲಿಗೆಯ ನೂರ ನಲವತ್ತು ರೂಪಾಯಿ ಬಾಕಿಯಿದೆ, ಅದನ್ನು ಈ ಶನಿವಾರ ತೀರಿಸುತ್ತೇನೆ.