ಮೇದೋಜೀರಕ ಗ್ರಂಥಿ ತೆಗೆದ ನಂತರ ಹೇಗೆ ಬದುಕಬೇಕೆಂದೂ ಹೇಳಿಕೊಡಿ

ಮಾನ್ಯ ಸಂಪಾದಕರೇ,

ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಕುರಿತು ನಿಮ್ಮ ಆರೋಗ್ಯ ಪುರವಣಿಯಲ್ಲಿ ಬಂದ ಲೇಖನ ಓದಿದೆ. ಈ ರೋಗ ತಡವಾಗಿ ಪತ್ತೆಯಾಗುತ್ತದೆ, ಹೆಚ್ಚೆಂದರೆ ಐವರಲ್ಲಿ ಒಬ್ಬರಿಗೆ ಮಾತ್ರ ಶಸ್ತ್ರಚಿಕಿತ್ಸೆ ಸಾಧ್ಯ ಎಂಬುದನ್ನೆಲ್ಲ ಲೇಖಕರು ಸರಿಯಾಗಿಯೇ ಬರೆದಿದ್ದಾರೆ. ಆದರೆ ಶಸ್ತ್ರಚಿಕಿತ್ಸೆ ಮುಗಿದಲ್ಲಿಗೆ ಲೇಖನವೂ ಮುಗಿದಿದೆ. ನಮ್ಮ ಮನೆಯಲ್ಲಿ ಕಷ್ಟ ಶುರುವಾದದ್ದೇ ಅಲ್ಲಿಂದ.

ನನ್ನ ಪತಿಗೆ ಗಡ್ಡೆ ಇದ್ದದ್ದು ಗ್ರಂಥಿಯ ತಲೆಭಾಗದಲ್ಲಿ. ಅದು ಪಿತ್ತನಾಳವನ್ನು ಒತ್ತಿದ್ದರಿಂದ ಕಣ್ಣು ಹಳದಿಯಾಗಿ, ಮೈಯೆಲ್ಲ ತುರಿಕೆ ಹತ್ತಿ, ರೋಗ ಬೇಗ ಕೈಗೆ ಸಿಕ್ಕಿತು. ಗ್ರಂಥಿಯ ತಲೆಭಾಗವನ್ನು ತೆಗೆಯುವ ವಿಪ್ಪಲ್ ಶಸ್ತ್ರಚಿಕಿತ್ಸೆ ಮಾಡುತ್ತೇವೆ, ಗ್ರಂಥಿಯ ಒಂದು ಪಾಲು ಉಳಿಯುತ್ತದೆ ಎಂದೇ ಒಳಗೆ ಕರೆದೊಯ್ದಿದ್ದರು. ಕತ್ತರಿಸಿದ ಅಂಚನ್ನು ಆಗಲೇ ಪರೀಕ್ಷೆಗೆ ಕಳುಹಿಸಿದರೆ ಅಲ್ಲಿಯೂ ಕ್ಯಾನ್ಸರ್ ಕೋಶಗಳು. ಇನ್ನಷ್ಟು ಕತ್ತರಿಸಿದರೆ ಅಲ್ಲಿಯೂ. ಕೊನೆಗೆ ಇಡೀ ಗ್ರಂಥಿಯನ್ನೂ ಜೊತೆಗೆ ಸೋಂಕುಗಳ ವಿರುದ್ಧ ಹೋರಾಡಲು ನೆರವಾಗುವ ಗುಲ್ಮವನ್ನೂ (ಸ್ಪ್ಲೀನ್) ತೆಗೆದರು. ಆ ನಿರ್ಧಾರದ ಬಗ್ಗೆ ನನ್ನದೇನೂ ತಕರಾರಿಲ್ಲ. ಆ ವೈದ್ಯರಿಗೆ ನಾನು ಋಣಿ.

ನನ್ನ ತಕರಾರು ಇರುವುದು ಬಿಡುಗಡೆಯ ದಿನ ಕೈಗಿತ್ತ ಚೀಟಿಯ ಬಗ್ಗೆ. ಇನ್ಸುಲಿನನ್ನೂ ಆಹಾರ ಜೀರ್ಣಿಸುವ ಕಿಣ್ವಗಳನ್ನೂ ತಯಾರಿಸುವುದು ಈ ಗ್ರಂಥಿಯೇ, ಅದು ಹೋದ ಮೇಲೆ ಎರಡನ್ನೂ ಹೊರಗಿನಿಂದ ಕೊಡಬೇಕು. ಇನ್ಸುಲಿನ್ ಚುಚ್ಚುವುದನ್ನು ತಾಳ್ಮೆಯಿಂದ ಕಲಿಸಿದರು. ಕಿಣ್ವದ ಕ್ಯಾಪ್ಸೂಲಿನ ಎದುರು ಮಾತ್ರ, ನೆಗಡಿಯ ಮಾತ್ರೆಗೆ ಬರೆದಂತೆ, 'ಊಟದ ನಂತರ ಒಂದು' ಎಂದಿತ್ತು. ಹಾಗೆಯೇ ಕೊಟ್ಟೆವು. ತಿಂದದ್ದು ಮೈಗೆ ಹತ್ತಲಿಲ್ಲ. ಮಲ ಬಿಳಿಚಿಕೊಂಡು, ಜಿಡ್ಡಾಗಿ, ನೀರಿನ ಮೇಲೆ ತೇಲುತ್ತಿತ್ತು. ಎಷ್ಟು ನೀರು ಸುರಿದರೂ ಹೋಗುತ್ತಿರಲಿಲ್ಲ. ಪತ್ರಿಕೆಯಲ್ಲಿ ಇಂಥದ್ದನ್ನು ಬರೆಯಬಹುದೇ ಎಂದು ಯಾರಾದರೂ ಮೂಗು ಮುರಿದರೆ ಮುರಿಯಲಿ, ಈ ಲಕ್ಷಣ ಗೊತ್ತಿಲ್ಲದೆ ಸೊರಗುತ್ತಿರುವವರು ಇನ್ನೂ ಇದ್ದಾರೆ. ತೂಕ ಇಳಿಯುತ್ತಲೇ ಹೋಯಿತು. ಕ್ಯಾನ್ಸರ್ ಮರಳಿ ಬಂತೆಂದು ಎಲ್ಲರೂ ಒಳಗೊಳಗೇ ಅಂದುಕೊಂಡೆವು, ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಸ್ಕ್ಯಾನಿನಲ್ಲಿ ಏನೂ ಇರಲಿಲ್ಲ. ಬೇರೊಂದು ಕಡೆಯ ಆಹಾರ ತಜ್ಞೆ ಕೇಳಿದ ಮೊದಲ ಪ್ರಶ್ನೆಯೇ ಮಲ ತೇಲುತ್ತದೆಯೇ ಎಂಬುದು. ಚೀಟಿಯಲ್ಲಿದ್ದದ್ದು 10,000 ಯೂನಿಟ್‌ನ ಕ್ಯಾಪ್ಸೂಲ್. ಗ್ರಂಥಿಯೇ ಇಲ್ಲದವರಿಗೆ ಒಂದು ಪೂರ್ಣ ಊಟಕ್ಕೆ 40,000ದಿಂದ 50,000 ಯೂನಿಟ್ ಲೈಪೇಸ್‌ನಿಂದ (ಕೊಬ್ಬನ್ನು ಜೀರ್ಣಿಸುವ ಕಿಣ್ವ) ಆರಂಭಿಸುವುದು ರೂಢಿ ಎಂದು ಆಕೆ ವಿವರಿಸಿದರು. ಊಟ ಮುಗಿದ ಮೇಲೆ ನುಂಗಿದರೆ ಕಿಣ್ವ ಆಹಾರದೊಂದಿಗೆ ಸರಿಯಾಗಿ ಬೆರೆಯುವುದಿಲ್ಲ. ಮೊದಲ ತುತ್ತಿನ ಜೊತೆ ಕೆಲವು, ಊಟದ ನಡುವೆ ಉಳಿದವು. ಒಂದು ಲೋಟ ಹಾಲು ಕುಡಿದರೂ ಬೇಕು. ಅಷ್ಟು ತಿದ್ದಿಕೊಂಡ ಮೇಲೆ ತೂಕ ನಿಂತಿತು, ನಿಧಾನವಾಗಿ ಏರಿತು.

ಕಿಣ್ವ ತಪ್ಪಿದರೆ ಹೊಟ್ಟೆ ಕೆಡುವುದಷ್ಟಕ್ಕೇ ಮುಗಿಯುವುದಿಲ್ಲ. ಊಟಕ್ಕೆಂದು ಇನ್ಸುಲಿನ್ ಚುಚ್ಚಿಕೊಂಡಾಗಿರುತ್ತದೆ, ತಿಂದದ್ದು ಜೀರ್ಣವಾಗದೆ ರಕ್ತ ಸೇರುವುದಿಲ್ಲ, ಸಕ್ಕರೆ ಮಟ್ಟ ಕುಸಿಯುತ್ತದೆ. ಸಾಮಾನ್ಯವಾಗಿ ಹಾಗೆ ಕುಸಿದಾಗ ಇದೇ ಗ್ರಂಥಿ ಗ್ಲುಕಗಾನ್ ಎಂಬ ಹಾರ್ಮೋನನ್ನು ಬಿಟ್ಟು, ಯಕೃತ್ತಿನಲ್ಲಿರುವ ಸಕ್ಕರೆಯನ್ನು ಹೊರಗೆಳೆದು ಸರಿದೂಗಿಸುತ್ತದೆ. ಇವರಿಗೆ ಆ ರಕ್ಷಣೆಯೂ ಇಲ್ಲ. ಗ್ರಂಥಿಯೇ ಹಾಳಾಗಿ ಅಥವಾ ಇಲ್ಲದಾಗಿ ಬರುವ ಇಂಥ ಮಧುಮೇಹಕ್ಕೆ ಟೈಪ್ 3ಸಿ ಎಂಬ ಪ್ರತ್ಯೇಕ ಹೆಸರೇ ಇದೆ. ಒಮ್ಮೆ ಬಸ್ಸಿನಲ್ಲಿ ಅವರ ಅಂಗಿ ಬೆವರಿನಿಂದ ತೊಯ್ದು ಮಾತು ತೊದಲತೊಡಗಿತು. ನಾನು ಗ್ಲೂಕೋಸ್ ಪುಡಿ ಕಲಸುತ್ತಿದ್ದರೆ, ಪಕ್ಕದ ಸೀಟಿನವರು 'ಸಕ್ಕರೆ ಕಾಯಿಲೆಯವರಿಗೆ ಅದನ್ನು ಕೊಡುತ್ತೀರಲ್ಲಮ್ಮ!' ಎಂದು ಕೈ ಹಿಡಿದರು. ಅವರು ಒಳ್ಳೆಯ ಮನಸ್ಸಿನಿಂದಲೇ ಹಿಡಿದದ್ದು. ಈಗ ಇವರ ಜೇಬಿನಲ್ಲಿ ಒಂದು ಕಾರ್ಡ್ ಇರುತ್ತದೆ: 'ನನಗೆ ಮೇದೋಜೀರಕ ಗ್ರಂಥಿ ಇಲ್ಲ. ತಡವರಿಸುತ್ತಿದ್ದರೆ ಮೊದಲು ಗ್ಲೂಕೋಸ್ ಕೊಡಿ. ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಸೇರಿಸಿ.'

ಇಂಥ ಕಾರ್ಡನ್ನು ಆಸ್ಪತ್ರೆಯೇ ಕೊಡಬೇಕು. ಕಿಣ್ವವನ್ನು ಯಾವಾಗ, ಎಷ್ಟು ನುಂಗಬೇಕೆಂದು ರೋಗಿಯ ಭಾಷೆಯಲ್ಲಿ ಬರೆದುಕೊಡಬೇಕು. ವಾಂತಿಯಾಗಿ ಊಟ ಬಿಟ್ಟ ದಿನವೂ ದೀರ್ಘಾವಧಿಯ ಇನ್ಸುಲಿನನ್ನು ಪೂರ್ತಿ ನಿಲ್ಲಿಸಬಾರದು ಎಂಬುದು, ಗುಲ್ಮ ಹೋದವರಿಗೆ ನ್ಯುಮೋನಿಯಾ ತರುವ ನ್ಯುಮೋಕಾಕಸ್ ಮುಂತಾದ ಬ್ಯಾಕ್ಟೀರಿಯಾಗಳ ವಿರುದ್ಧ ಲಸಿಕೆಗಳು ಬೇಕು, ಜ್ವರ ಬಂದರೆ ಅಂದೇ ವೈದ್ಯರನ್ನು ಕಾಣಬೇಕು ಎಂಬುದು, ಇವೆಲ್ಲ ನಮಗೆ ಗೊತ್ತಾದದ್ದು ಒಬ್ಬೊಬ್ಬರನ್ನು ಕೇಳಿಕೊಂಡು. ಗಂಟೆಗಟ್ಟಲೆ ನಿಂತು ಅಷ್ಟು ಕಠಿಣವಾದ ಶಸ್ತ್ರಚಿಕಿತ್ಸೆ ಮಾಡುವ ತಂಡಕ್ಕೆ, ಮನೆಯವರನ್ನು ಕೂರಿಸಿಕೊಂಡು ಅರ್ಧ ಗಂಟೆ ಮಾತನಾಡುವುದು ಹೊರೆಯಾಗಬಾರದು.

ನವೆಂಬರ್ ಈ ಕ್ಯಾನ್ಸರಿನ ಜಾಗೃತಿ ಮಾಸ. ಆ ಹೊತ್ತಿಗೆ ನಿಮ್ಮ ಪುರವಣಿಯಲ್ಲಿ ಒಬ್ಬ ಆಹಾರ ತಜ್ಞರಿಂದಲೂ ಒಬ್ಬ ಮಧುಮೇಹ ತಜ್ಞರಿಂದಲೂ ಈ ಬಗ್ಗೆ ಬರೆಸಬೇಕೆಂದು ಕೋರುತ್ತೇನೆ.

ಇಂತಿ,
ನಿಮ್ಮ ಪತ್ರಿಕೆಯ ಓದುಗಳು