ಮಗಳಿಗೊಂದು ಪತ್ರ: ಯಾವ ಕಡೆ ಏನಾಯಿತು, ಹೇಳು

ಪ್ರೀತಿಯ ಮಗಳೇ,

ಆಶೀರ್ವಾದಗಳು. ಮುಂದಿನ ತಿಂಗಳಿನಿಂದ ಎಟಿಆರ್ ವಿಮಾನದಲ್ಲಿ ಸಹಪೈಲಟ್ ಆಗಿ ಕೂರುವೆ ಎಂದು ನೀನು ಫೋನಿನಲ್ಲಿ ಹೇಳಿದಾಗಿನಿಂದ ಒಂದು ಸಂಗತಿ ನನ್ನ ತಲೆಯಲ್ಲಿ ಸುತ್ತುತ್ತಿದೆ. ಮೂವತ್ತು ವರ್ಷ ಹ್ಯಾಂಗರಿನಲ್ಲಿ ಕೇಬಲ್ ಎಳೆದು, ಟರ್ನ್‌ಬಕಲ್ ಬಿಗಿದು, ಲಾಕ್‌ವೈರ್ ಸುತ್ತಿದ ಕೈ ನನ್ನದು. ಹಾರಿಸುವ ವಿದ್ಯೆ ನನಗೆ ತಿಳಿಯದು. ಆದರೆ ನಾನು ಹೇಳಹೊರಟಿರುವ ಘಟನೆಯಲ್ಲಿ ತಪ್ಪು ಹುಟ್ಟಿದ್ದು ನನ್ನಂಥವರ ಕೈಯಲ್ಲಿ, ಅದನ್ನು ಆಕಾಶದಲ್ಲಿ ಅನುಭವಿಸಿದವರು ನಿನ್ನಂಥವರು.

2018ರ ನವೆಂಬರ್ 11ರಂದು ಕಝಾಕಿಸ್ತಾನದ ಏರ್ ಅಸ್ತಾನಾ ಸಂಸ್ಥೆಯ ಎಂಬ್ರಾಯರ್ 190 ವಿಮಾನವೊಂದು ದುರಸ್ತಿ ಮುಗಿಸಿಕೊಂಡು ಪೋರ್ಚುಗಲ್‌ನ ಅಲ್ವೆರ್ಕಾದಿಂದ ಊರಿಗೆ ಮರಳಲು ಹೊರಟಿತು. ಒಳಗಿದ್ದವರು ಆರೇ ಜನ: ಮೂವರು ಪೈಲಟ್‌ಗಳು, ಮೂವರು ತಂತ್ರಜ್ಞರು. ಹವೆ ಚೆನ್ನಾಗಿರಲಿಲ್ಲ. ನೆಲ ಬಿಟ್ಟ ಕೂಡಲೇ ರೆಕ್ಕೆಗಳು ಆ ಕಡೆ ಈ ಕಡೆ ತೂಗತೊಡಗಿದವು. ಅದನ್ನು ತಡೆಯಲು ಪೈಲಟ್ ಕಂಟ್ರೋಲ್ ವೀಲ್ ತಿರುಗಿಸಿದಷ್ಟೂ ತೂಗಾಟ ಹೆಚ್ಚಿತು. ಆಟೊಪೈಲಟ್ ಹಿಡಿಯಲಿಲ್ಲ. ಯಾವ ಭಾಗ ಕೆಟ್ಟಿದೆ ಎಂದು ಹೇಳುವ ಒಂದು ಸೂಚನೆಯೂ ಪರದೆಯ ಮೇಲೆ ಮೂಡಲಿಲ್ಲ. ವಿಮಾನ ವಿಪರೀತ ವಾಲುತ್ತಿದೆ ಎಂಬ ಎಚ್ಚರಿಕೆಯೊಂದೇ ಮತ್ತೆ ಮತ್ತೆ ಕೂಗುತ್ತಿತ್ತು. ಸಮುದ್ರದ ಕಡೆಗೆ ದಾರಿ ತೋರಿಸಿ, ನೀರಿನ ಮೇಲಾದರೂ ಇಳಿಸುತ್ತೇವೆ ಎಂದು ಪೈಲಟ್‌ಗಳು ನೆಲದ ಮೇಲಿನ ನಿಯಂತ್ರಕರನ್ನು ಕೇಳಿಕೊಂಡರು. ಆದರೆ ಕೊಟ್ಟ ದಿಕ್ಕನ್ನು ಹಿಡಿದು ಹೋಗುವುದೇ ಅವರಿಂದ ಆಗಲಿಲ್ಲ.

ಕಾರಣವನ್ನು ಕೇಳು. ಎಂಬ್ರಾಯರ್ 190ರಲ್ಲಿ ಐಲೆರಾನ್‌ಗಳಿಗೆ, ಅಂದರೆ ರೆಕ್ಕೆಯ ಹಿಂಚಿನಲ್ಲಿ ಮೇಲೆ ಕೆಳಗೆ ಬಾಗಿ ವಿಮಾನವನ್ನು ವಾಲಿಸುವ ಹಲಗೆಗಳಿಗೆ, ಪೈಲಟ್‌ನ ಆಜ್ಞೆ ತಲುಪುವುದು ಉಕ್ಕಿನ ಕೇಬಲ್ ಮೂಲಕ. ರೆಕ್ಕೆಯ ಮೇಲೆ ಏಳುವ ಸ್ಪಾಯ್ಲರ್‌ಗಳಿಗೆ ತಲುಪುವುದು ವಿದ್ಯುತ್ ತಂತಿಯ ಮೂಲಕ. ದುರಸ್ತಿಯ ವೇಳೆ ಎರಡೂ ರೆಕ್ಕೆಗಳಲ್ಲಿ ಆ ಕೇಬಲ್‌ಗಳನ್ನು ಅದಲುಬದಲಾಗಿ ಜೋಡಿಸಲಾಗಿತ್ತು. ಹಾಗಾಗಿ ವೀಲ್ ಎಡಕ್ಕೆ ತಿರುಗಿದರೆ ಎಡಗಡೆಯ ಸ್ಪಾಯ್ಲರ್ ಎದ್ದು ಆ ರೆಕ್ಕೆಯನ್ನು ಇಳಿಸಲು ನೋಡುತ್ತಿತ್ತು, ಅದೇ ರೆಕ್ಕೆಯ ಐಲೆರಾನ್ ಕೆಳಗೆ ಬಾಗಿ ಅದನ್ನು ಎತ್ತಲು ನೋಡುತ್ತಿತ್ತು. ಹ್ಯಾಂಗರಿನಲ್ಲಿದ್ದಾಗಲೇ ಫ್ಲೈಟ್ ಕಂಟ್ರೋಲ್‌ನಲ್ಲಿ ದೋಷವಿದೆ, ಹಾರಿಸಬೇಡಿ ಎಂಬ ಸಂದೇಶ ಬಂದಿತ್ತು. ಅದರ ಮೂಲ ಹುಡುಕುತ್ತ 11 ದಿನ ಕಳೆದರೂ ಐಲೆರಾನ್ ಕೇಬಲ್‌ನ ಮೇಲೆ ಯಾರಿಗೂ ಅನುಮಾನ ಬರಲಿಲ್ಲ. ಹೊರಡುವ ಮುನ್ನ ಮಾಡುವ ಕಂಟ್ರೋಲ್ ಪರೀಕ್ಷೆಯಲ್ಲೂ ಅದು ಕಣ್ಣಿಗೆ ಬೀಳಲಿಲ್ಲ. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ, ಮಗಳೇ.

ಅಂಥ ಸ್ಥಿತಿಯಲ್ಲಿ ಆ ಪೈಲಟ್‌ಗಳು ಮಾಡಿದ್ದನ್ನು ನೀನು ಗಮನವಿಟ್ಟು ಓದಬೇಕು. ತಮಗೆ ಏನಾಗಿದೆ ಎಂಬುದು ಅವರಿಗೆ ಕೊನೆಯವರೆಗೂ ಸ್ಪಷ್ಟವಾಗಲಿಲ್ಲ. ಆದರೂ ತಮ್ಮ ತಮ್ಮಲ್ಲೇ ಚರ್ಚಿಸಿ, ಕಂಪ್ಯೂಟರಿನ ಲೆಕ್ಕಾಚಾರವನ್ನು ಬದಿಗಿಟ್ಟು ಕೈಯ ಆಜ್ಞೆಯನ್ನು ನೇರವಾಗಿ ಒಯ್ಯುವ ಡೈರೆಕ್ಟ್ ಮೋಡ್‌ಗೆ ಬದಲಾಯಿಸಿದರು. ದೋಷ ಹೋಗಲಿಲ್ಲ, ಆದರೆ ವಿಮಾನ ಮೊದಲಿಗಿಂತ ಮಾತು ಕೇಳತೊಡಗಿತು. ವೀಲನ್ನು ಆದಷ್ಟು ಕಡಿಮೆ ತಿರುಗಿಸಿದರೇ ಒಳ್ಳೆಯದೆಂದು ಕಂಡುಕೊಂಡರು. ಹವೆ ತಿಳಿಯಾಗಿದ್ದ ಕಡೆಗೆ ಸಾಗಿ, ಜೊತೆಗೆ ಬಂದ ಎರಡು ಎಫ್-16 ಯುದ್ಧವಿಮಾನಗಳ ನೆರವಿನಿಂದ ಬೇಜಾದ ವಾಯುನೆಲೆಯನ್ನು ತಲುಪಿದರು. ಎರಡು ಸಲ ಇಳಿಯಲು ಹೋಗಿ, ಹೊಂದದೆ ಮತ್ತೆ ಮೇಲೆದ್ದರು. ಮೂರನೆಯ ಸಲ, ಗುರಿಯಿಟ್ಟ ಬಲಗಡೆಯ ರನ್‌ವೇಯಿಂದ ಸರಿದುಹೋಗಿ ಪಕ್ಕದ ಎಡಗಡೆಯ ರನ್‌ವೇ ಮೇಲೆ ಇಳಿಸಿದರು. ಒಂದೂವರೆ ಗಂಟೆಗೂ ಮಿಕ್ಕಿದ ಆ ಹೋರಾಟದ ನಂತರ ಆರೂ ಜನ ಜೀವಂತವಾಗಿ ಇಳಿದರು. ವಿಮಾನದ ಮೈ ಮಾತ್ರ ತಡೆಯಲಾರದಷ್ಟು ಜಗ್ಗಾಟಕ್ಕೆ ಸಿಕ್ಕಿದ್ದರಿಂದ ಅದು ಮತ್ತೆ ಹಾರಲಿಲ್ಲ.

ನಾನು ಕೆಲಸ ಕಲಿಯುತ್ತಿದ್ದ ಕಾಲದಲ್ಲಿ ನಮ್ಮ ಹಿರಿಯ ತಂತ್ರಜ್ಞರೊಬ್ಬರು ಕೇಬಲ್ ಕೆಲಸ ಮುಗಿದ ಮೇಲೆ ನನ್ನನ್ನು ರೆಕ್ಕೆಯ ತುದಿಯಲ್ಲಿ ನಿಲ್ಲಿಸಿ, ತಾವು ಕಾಕ್‌ಪಿಟ್‌ನಲ್ಲಿ ಕುಳಿತು ಕಂಟ್ರೋಲ್ ಆಡಿಸುತ್ತಿದ್ದರು. ಒಮ್ಮೆ ನಾನು ಕೇಬಲ್‌ನ ಬಿಗಿತ ಅಳೆಯುವ ಟೆನ್ಷನ್ ಮೀಟರಿನ ಅಂಕಿಯ ಗುಂಗಿನಲ್ಲಿದ್ದು, ಐಲೆರಾನ್ ಅಲುಗಿದ್ದನ್ನು ಕಂಡು 'ಸರಿಯಿದೆ' ಎಂದು ಕೂಗಿಬಿಟ್ಟೆ. ಅವರು ಏಣಿ ಇಳಿದು ಬಂದು, 'ಯಾವ ಕಡೆ ಏನಾಯಿತು, ಹೇಳು' ಎಂದರು. ನನಗೆ ಹೇಳಲಾಗಲಿಲ್ಲ. ಅಂದಿನಿಂದ ನಿವೃತ್ತಿಯ ದಿನದವರೆಗೆ 'ಎಡ ಮೇಲೆ, ಬಲ ಕೆಳಗೆ' ಎಂದು ಬಾಯಿಬಿಟ್ಟು ಹೇಳದೆ ನಾನು ಒಂದು ಸಹಿಯನ್ನೂ ಹಾಕಿಲ್ಲ.

ನೀನು ಹಾರಿಸಲಿರುವ ಎಟಿಆರ್‌ನ ಐಲೆರಾನ್‌ಗಳೂ ಕೇಬಲ್‌ನಿಂದಲೇ ನಡೆಯುವವು. ಕಂಟ್ರೋಲ್ ಪೂರ್ತಿ ತಿರುಗುತ್ತದೆಯೇ, ಸಲೀಸಾಗಿ ತಿರುಗುತ್ತದೆಯೇ ಎಂಬುದು ಕೈಗೆ ತಾನಾಗಿ ತಿಳಿಯುತ್ತದೆ. ಸರಿಯಾದ ದಿಕ್ಕಿಗೆ ಹೋಗುತ್ತಿದೆಯೇ ಎಂಬುದನ್ನು ಕಣ್ಣಿಟ್ಟು ನೋಡಿದರೆ ಮಾತ್ರ ತಿಳಿಯುತ್ತದೆ. ಆದುದರಿಂದ ಕಂಟ್ರೋಲ್ ಕೆಲಸ ನಡೆದ ವಿಮಾನ ಹ್ಯಾಂಗರಿನಿಂದ ಹೊರಬಂದ ದಿನ, ಹೊರಡುವುದು ತಡವಾದರೂ ಸರಿಯೇ, ಕ್ಯಾಪ್ಟನ್‌ಗೆ ತಿಳಿಸಿ ಕೆಳಗೆ ಒಬ್ಬರನ್ನು ನಿಲ್ಲಿಸಿಕೊಂಡು ಕೇಳು. ಅವರು 'ಸರಿಯಿದೆ' ಎಂದರೆ ಒಪ್ಪಬೇಡ; ಯಾವ ಕಡೆ ಏನಾಯಿತು ಎಂದು ಅವರ ಬಾಯಲ್ಲೇ ಹೇಳಿಸು.

ಇಂತಿ,
ನಿನ್ನ ಅಪ್ಪ